ಗ್ಯಾರೇಜಿನಲ್ಲಿ ನಿಂತಿದ್ದ ರೈಫಲ್

ಲೋಹ ಯಾಕೆ ಸವೆಯಿತು, ಯಾಕೆ ಮುರಿಯಿತು ಎಂದು ಕಂಡುಹಿಡಿಯುವುದು ನನ್ನ ಹೊಟ್ಟೆಪಾಡು. ನ್ಯೂಜೆರ್ಸಿಯ ಸಮರ್‌ಸೆಟ್‌ನ ಒಂದು ಆಫೀಸ್ ಪಾರ್ಕಿನಲ್ಲಿ ನಮ್ಮ ಲ್ಯಾಬ್ ಇದೆ. ಸೇತುವೆಯ ಬೋಲ್ಟು, ನೀರಿನ ಪೈಪು, ಟ್ಯಾಂಕಿನ ತಳ, ಯಾವುದಾದರೂ ಕೈಕೊಟ್ಟರೆ ಅದರ ತುಂಡೊಂದು ಪ್ಲಾಸ್ಟಿಕ್ ಚೀಲದಲ್ಲಿ ನನ್ನ ಮೇಜಿಗೆ ಬರುತ್ತದೆ. ಕೊಯ್ದು, ಉಜ್ಜಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಕಾರಣ ಇಂಥದ್ದು ಎಂದು ಬರೆದುಕೊಡುತ್ತೇನೆ. ಇಪ್ಪತ್ತು ವರ್ಷದಿಂದ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಂಡವಳು ನಾನು. ಅದರ ಜಂಬವೂ ಸ್ವಲ್ಪ ಇತ್ತು. ನಮ್ಮದೇ ಗ್ಯಾರೇಜಿನಲ್ಲಿ, ನನ್ನ ಕಾರಿನಿಂದ ಮೂರಡಿ ದೂರದಲ್ಲಿ ಒಂದು ರೈಫಲ್ ತುಕ್ಕು ಹಿಡಿಯುತ್ತಿದ್ದದ್ದು ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ.

ರೈಫಲ್ ನನ್ನ ಗಂಡನದು. ಅವರು ಮೈಸೂರು ಕಡೆಯವರು. ಅವರ ಅಜ್ಜನ ಮನೆಯಲ್ಲಿ ಹೊಲಕ್ಕೆ ನುಗ್ಗುವ ಹಂದಿ ಓಡಿಸಲು ಲೈಸೆನ್ಸಿನ ಕೋವಿಯೊಂದಿತ್ತಂತೆ. ಆಯುಧಪೂಜೆಯ ದಿನ ಕುಡುಗೋಲು, ಗುದ್ದಲಿಗಳ ಸಾಲಿನಲ್ಲಿ ಅದಕ್ಕೂ ಜಾಗ. ನಾನು ದಾವಣಗೆರೆಯವಳು, ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆಯವಳು. ಬೇಕರಿಯ ಬಿಸ್ಕತ್ತಿಗೂ ಮೊಟ್ಟೆ ಹಾಕಿದ್ದಾರೆಯೇ ಎಂದು ಎರಡೆರಡು ಸಲ ಕೇಳಿ ತಿನ್ನುವ ಪೈಕಿ. ಇಂಜಿನಿಯರಿಂಗ್ ಓದುವಾಗ ಪರಿಚಯವಾಗಿ ಮದುವೆಯಾದೆವು. ಅಂದಿನಿಂದ ಅವರು ಮನೆಯೊಳಗೆ ಮಾಂಸ ಮುಟ್ಟಲಿಲ್ಲ. ನಾನು ಹೇಳಿದೆ, ಬಿಟ್ಟರು. ಒಂದು ದಿನವೂ ಅದನ್ನು ಎತ್ತಿ ಆಡಿದವರಲ್ಲ.

ಓಲ್ಡ್ ಬ್ರಿಡ್ಜಿನಲ್ಲಿ ನಾವು ಮನೆ ಕೊಂಡು, ಮಗಳು ಮಿಡ್ಲ್ ಸ್ಕೂಲು ಸೇರಿದ ವರ್ಷ, ಕ್ರ್ಯಾನ್‌ಬರಿಯ ವೇರ್‌ಹೌಸಿನಲ್ಲಿ ಇವರ ಜೊತೆ ಕೆಲಸ ಮಾಡುತ್ತಿದ್ದ ಅಮೆರಿಕನ್ ಗೆಳೆಯನೊಬ್ಬ ಇವರನ್ನು ಬೇಟೆಗೆ ಕರೆದುಕೊಂಡು ಹೋದ. ನ್ಯೂಜೆರ್ಸಿಯಲ್ಲಿ ಜಿಂಕೆ ಬೇಟೆಗೆ ರೈಫಲ್ ಬಳಸುವಂತಿಲ್ಲ. ಹಾಗಾಗಿ ಹೋದದ್ದು ನ್ಯೂಯಾರ್ಕಿನ ಕ್ಯಾಟ್‌ಸ್ಕಿಲ್ ಗುಡ್ಡಗಳಿಗೆ, ಆ ಗೆಳೆಯನ ಮರದ ಕ್ಯಾಬಿನ್ನಿಗೆ. ನಾಲ್ಕು ದಿನ ಬಿಟ್ಟು ಬಂದವರ ಮುಖದಲ್ಲಿದ್ದ ಕಳೆಯನ್ನು ನಾನು ಮದುವೆಯ ಫೋಟೋದಲ್ಲೂ ಕಂಡಿರಲಿಲ್ಲ. ಮರುವರ್ಷ ಆ ಗೆಳೆಯನ ಹಳೆಯ ರೈಫಲ್ ಇವರ ಕೈಗೆ ಬಂತು.

ನಾನು ಸುಮ್ಮನಿರುವವಳಲ್ಲ. ಮಾಂಸ ಮನೆಗೆ ಬರಕೂಡದು, ಬೇಟೆಯ ಬಟ್ಟೆ ಗ್ಯಾರೇಜಿನಲ್ಲೇ ಕಳಚಬೇಕು, ಸ್ನಾನ ಮಾಡದೆ ಅಡುಗೆಮನೆಗೆ ಕಾಲಿಡಕೂಡದು ಎಂದು ಒಂದೊಂದಾಗಿ ಷರತ್ತು ಹಾಕಿದೆ. ಎಲ್ಲಕ್ಕೂ ತಲೆಯಾಡಿಸಿದರು. ರೈಫಲ್ ಹೊಸ್ತಿಲು ದಾಟಕೂಡದು ಎಂದಾಗ ಮಾತ್ರ ಸ್ವಲ್ಪ ತಡೆದರು.

"ಬೇಸ್‌ಮೆಂಟಲ್ಲಿ ಇಡ್ತೀನಿ ಕಣೇ. ಅಲ್ಲಿ ಡೀಹ್ಯುಮಿಡಿಫೈಯರ್ ಓಡ್ತಾ ಇರುತ್ತೆ. ಬೆಚ್ಚಗೆ ಒಣಗಿರುತ್ತೆ."

"ಯಾವ ಮೂಲೆಗೆ ಇಡ್ತೀರಿ?"

"ವಾಟರ್ ಹೀಟರ್ ಪಕ್ಕ."

"ಅದು ಸರಿಯಾಗಿ ದೇವರ ಮನಿ ಕೆಳಗ ಬರ್ತದ. ಬ್ಯಾಡ್ರಿ."

"ಹೋಗ್ಲಿ, ಈ ಕಡೆ ಮೂಲೆ?"

"ಅದು ಅಡುಗಿಮನಿ ಕೆಳಗ."

ಅವರು ನಕ್ಕುಬಿಟ್ಟರು. "ನಿನ್ನ ಪ್ಲ್ಯಾನ್ ಪ್ರಕಾರ ಈ ಮನೇಲಿ ಅದಕ್ಕೆ ಜಾಗವೇ ಇಲ್ಲ ಬಿಡು" ಎಂದು ಹೇಳಿ, ಬೀಗವಿರುವ ಒಂದು ಸ್ಟೀಲ್ ಕಪಾಟನ್ನು ತಂದು ಗ್ಯಾರೇಜಿನ ಗೋಡೆಗೆ ಬೋಲ್ಟ್ ಹಾಕಿ ನಿಲ್ಲಿಸಿದರು. ಬೇಸ್‌ಮೆಂಟಿನಲ್ಲಿ ಗಾಳಿಯ ತೇವ ಹೀರುವ ಆ ಯಂತ್ರ ಓಡುತ್ತಲೇ ಇತ್ತು. ಅದರ ಒಣ ಗಾಳಿ ನಮ್ಮ ಹಳೆಯ ಸೂಟ್‌ಕೇಸುಗಳಿಗೂ ನನ್ನ ರೇಷ್ಮೆ ಸೀರೆಗಳ ಪೆಟ್ಟಿಗೆಗೂ ಸಿಗುತ್ತಿತ್ತು.

ನಮ್ಮ ಕಡೆಯ ಗ್ಯಾರೇಜ್ ಎಂದರೆ ಏನೆಂದು ಇಲ್ಲಿರುವವರಿಗೆ ಗೊತ್ತು. ಚಳಿಗಾಲದಲ್ಲಿ ರಸ್ತೆಗೆಲ್ಲ ಉಪ್ಪು ಸುರಿಯುತ್ತಾರೆ. ಕಾರು ಆ ಉಪ್ಪುನೀರನ್ನೂ ಹಿಮವನ್ನೂ ಚಕ್ರದ ಸಂದಿಯಲ್ಲಿ ತುಂಬಿಕೊಂಡು ಒಳಗೆ ಬಂದು ನಿಲ್ಲುತ್ತದೆ. ಹಿಮ ಕರಗಿ ನೆಲದ ಮೇಲೆ ಹರಿದು, ಆವಿಯಾಗಿ, ಬಿಳಿ ಗೆರೆ ಬಿಟ್ಟು ಒಣಗುತ್ತದೆ. ಬೇಸಿಗೆಯಲ್ಲಿ ಗೋಡೆಯೇ ಬೆವರುತ್ತದೆ. ರಸ್ತೆಯ ಉಪ್ಪು ಉಕ್ಕನ್ನು ಹೇಗೆ ತಿನ್ನುತ್ತದೆ ಎಂದು ನಾನು ಎಷ್ಟು ವರದಿ ಬರೆದಿದ್ದೇನೋ ಲೆಕ್ಕವಿಲ್ಲ. ಕಪಾಟು ನಿಂತಿದ್ದದ್ದು ನನ್ನ ಕಾರಿನ ಮುಂದಿನ ಚಕ್ರದ ಪಕ್ಕದಲ್ಲೇ.

ಹೀಗೆ ಹದಿನಾಲ್ಕು ವರ್ಷ ನಡೆಯಿತು. ಪ್ರತಿ ನವೆಂಬರ್ ಅವರು ಹೋಗುವರು, ಮಳೆಯಲ್ಲೋ ಹಿಮದಲ್ಲೋ ನೆನೆದು ಬರುವರು. ಬಂದವರು ಮೊದಲು ಗ್ಯಾರೇಜಿನಲ್ಲಿ ಕೂತು ರೈಫಲ್ ಬಿಚ್ಚಿ, ಒರೆಸಿ, ಎಣ್ಣೆ ಹಚ್ಚುವರು. "ಅನ್ನ ಆರಿ ಹೋತು" ಎಂದು ನಾನು ಒಳಗಿನಿಂದಲೇ ಕೂಗುತ್ತಿದ್ದೆ. ಊಟಕ್ಕೆ ಕೂತಾಗ ಎಷ್ಟು ಸೋಪು ಹಾಕಿ ತೊಳೆದರೂ ಅವರ ಬೆರಳಿನಲ್ಲಿ ಎಣ್ಣೆಯ ವಾಸನೆ ಉಳಿದಿರುತ್ತಿತ್ತು. ನಾನು ಮೂಗು ಸಿಂಡರಿಸುತ್ತಿದ್ದೆ. ತಮಾಷೆಗೆಂದು ಹೇಳಿಕೊಳ್ಳಬಹುದು, ಆದರೆ ಅಷ್ಟೇನೂ ತಮಾಷೆಯಾಗಿರಲಿಲ್ಲ.

ಶೂ ಡಬ್ಬದಲ್ಲಿ, ಮಾತ್ರೆಯ ಶೀಷೆಯಲ್ಲಿ ಬರುವ ತೇವ ಹೀರುವ ಪುಟ್ಟ ಪೊಟ್ಟಣಗಳನ್ನು ಅವರು ಕೂಡಿಡಲು ಶುರು ಮಾಡಿದರು. ಒಂದು ಸಲ ಡಬ್ಬದ ತುಂಬ ಅಂಥ ಪೊಟ್ಟಣ ಸಿಕ್ಕಿದ್ದನ್ನು ನಾನು ಕಸಕ್ಕೆ ಹಾಕಿದೆ. "ಅಯ್ಯೋ, ಬೇಕಾಗಿತ್ತಲ್ಲೇ" ಎಂದರು, ಅಷ್ಟೇ. ಯಾತಕ್ಕೆ ಬೇಕಾಗಿತ್ತು ಎಂದು ನಾನು ಕೇಳಲಿಲ್ಲ.

ಆಯುಧಪೂಜೆಯನ್ನು ನಾನು ಬಿಡದೆ ಮಾಡುತ್ತಿದ್ದೆ. ಎರಡು ಕಾರು, ಎರಡು ಲ್ಯಾಪ್‌ಟಾಪು, ಮಿಕ್ಸಿ, ಈಳಿಗೆಮಣೆ, ಹಿಮ ತೆಗೆಯುವ ಯಂತ್ರ, ಎಲ್ಲಕ್ಕೂ ಅರಿಸಿನ ಕುಂಕುಮ. ಚಕ್ರದ ಕೆಳಗೆ ನಿಂಬೆಹಣ್ಣು. ಮರುದಿನ ಬೆಳಿಗ್ಗೆ ಒಂದು ಬಟ್ಟೆ ಹಿಡಿದು ಎಲ್ಲವನ್ನೂ ನಾನೇ ಒರೆಸುತ್ತಿದ್ದೆ, ಕುಂಕುಮ ಹಾಗೇ ಬಿಟ್ಟರೆ ಬಣ್ಣ ಕೆಡುತ್ತದೆಂದು. ರೈಫಲ್ ಬಂದ ಮೊದಲ ವರ್ಷ, ನಾನು ಕಾರಿಗೆ ಆರತಿ ಎತ್ತುವಾಗ ಅವರು ಕಪಾಟಿನ ಬಾಗಿಲು ತೆರೆದು ನಿಂತರು.

"ಇದಕ್ಕೂ ಒಂದು ಬೊಟ್ಟು ಇಟ್ಟುಬಿಡೇ."

"ಜೀವ ತೆಗಿಯೋ ಸಾಮಾನಿಗೆ ನನ್ನ ಕೈಯಿಂದ ಕುಂಕುಮ ಹಚ್ಚಂಗಿಲ್ಲ."

"ಹಿಮ ತೆಗೆಯೋ ಮಷೀನ್‌ಗೆ ಇಡ್ತೀಯ. ಈ ಮನೇಲಿ ಆಯುಧ ಅಂತ ಇರೋದು ಇದೊಂದೇ ಅಲ್ವೇನೇ?"

ಮಗಳು ಕಿಲಕಿಲ ನಕ್ಕಳು. ನನಗೆ ಸಿಟ್ಟು ಬಂತು. ಕುಂಕುಮದ ಬಟ್ಟಲನ್ನು ಸರಕ್ಕನೆ ಎತ್ತಿಕೊಂಡು ಒಳಗೆ ಹೋದೆ. ಅವರು ಬಾಗಿಲು ಮುಚ್ಚಿದ ಸದ್ದು ಕೇಳಿತು. ಆಮೇಲೆ ಯಾವ ವರ್ಷವೂ ಕೇಳಲಿಲ್ಲ. ನಾನು ಪ್ರತಿ ವರ್ಷ ಆರತಿಯ ತಟ್ಟೆ ಹಿಡಿದು ಆ ಕಪಾಟನ್ನು ಸುತ್ತುಬಳಸಿ ಹೋಗುತ್ತಿದ್ದೆ.

ಈ ಮಾರ್ಚಿನಲ್ಲಿ ಅವರು ಹೋಗಿಬಿಟ್ಟರು. ಬೆಳಿಗ್ಗೆ ಕೆಲಸಕ್ಕೆ ಡ್ರೈವ್ ಮಾಡುವಾಗ ಎದೆ ಹಿಡಿದುಕೊಂಡಿದೆ. ಕಾರನ್ನು ರಸ್ತೆಯ ಪಕ್ಕಕ್ಕೆ ತಂದು, ಗೇರು ಪಾರ್ಕಿಗೆ ಹಾಕಿ, ಹಜಾರ್ಡ್ ಲೈಟ್ ಹಚ್ಚಿದ್ದಾರೆ. ಪೊಲೀಸಿನವರು ಅಲ್ಲಿಗೆ ಹೋದಾಗಲೂ ಲೈಟು ಮಿನುಗುತ್ತಿತ್ತಂತೆ. ಸಾಯುವಾಗಲೂ ಯಾರಿಗೂ ತೊಂದರೆ ಕೊಡದ ಮನುಷ್ಯ. ಇದನ್ನು ಯೋಚಿಸಿದರೆ ಈಗಲೂ ಒಂದು ಕಡೆ ಅಳು ಬರುತ್ತದೆ, ಇನ್ನೊಂದು ಕಡೆ ಅವರ ಮೇಲೆ ಕೆಟ್ಟ ಕೋಪ ಬರುತ್ತದೆ. ಒಂದು ಸಲವಾದರೂ ಜಗಳ ಆಡಬೇಕಾಗಿತ್ತು ಆ ಮನುಷ್ಯ.

ರೈಫಲನ್ನು ಪೊಲೀಸರಿಗೆ ಒಪ್ಪಿಸಿ ಕೈತೊಳೆದುಕೊಳ್ಳೋಣ ಎಂದಿದ್ದೆ. ಮಗಳು ಬಿಡಲಿಲ್ಲ. ಅವಳಿಗೀಗ ಇಪ್ಪತ್ತೈದು ದಾಟಿದೆ, ಜೆರ್ಸಿ ಸಿಟಿಯಲ್ಲಿ ಕೆಲಸ. ಕಳೆದ ಎರಡು ನವೆಂಬರ್ ಅಪ್ಪನ ಜೊತೆ ಗುಡ್ಡಕ್ಕೆ ಹೋಗಿದ್ದಳು. ಬೇಕಾದ ಕ್ಲಾಸು, ಲೈಸೆನ್ಸು ಎಲ್ಲ ಮುಗಿಸಿಕೊಂಡಿದ್ದಾಳೆ.

"ಅಮ್ಮಾ, ಡೋಂಟ್ ಗಿವ್ ಇಟ್ ಅವೇ. ಈ ನವೆಂಬರ್ ನಾನು ಅಪ್ಪನ ಸ್ಪಾಟಲ್ಲಿ ಕೂರ್ಬೇಕು. ವಿತ್ ಹಿಸ್ ರೈಫಲ್. ಜಸ್ಟ್ ಒನ್ಸ್."

ಅವಳು ಅಪ್ಪ ಸತ್ತ ಮೇಲೆ ನನ್ನೆದುರು ಅತ್ತಿರಲಿಲ್ಲ. ಕೇಳಿದ್ದೂ ಇದೊಂದನ್ನೇ. ನಾನು ಒಪ್ಪಿದೆ. ತಿಳಿದವರೊಬ್ಬರು ನೋಡಿ ಸರಿಯಿದೆ ಎಂದ ಮೇಲೆ ಮಾತ್ರ ಎಂದೆ. ಲೋಹ ನೋಡುವ ನನಗೆ ಅಷ್ಟಾದರೂ ಬುದ್ಧಿ ಇತ್ತು.

ಆಗಸ್ಟಿನಲ್ಲಿ ಇಬ್ಬರೂ ಸೇರಿ ಕಪಾಟು ತೆರೆದೆವು. ಒಳಗೆಲ್ಲ ಆ ಪುಟ್ಟ ಪೊಟ್ಟಣಗಳು. ಹತ್ತಾರು ಪೊಟ್ಟಣಗಳನ್ನು ದಾರದಲ್ಲಿ ಪೋಣಿಸಿ ನಾಲ್ಕೂ ಮೂಲೆಗೆ ನೇತುಹಾಕಿದ್ದರು. ಮಧ್ಯೆ ರೈಫಲ್ ನಿಂತಿತ್ತು. ಮರವೂ ನಳಿಗೆಯೂ ಕೂಡುವ ಗೆರೆಯುದ್ದಕ್ಕೂ ಕಂದು ಬಣ್ಣದ ಸಣ್ಣ ಅಂಚು ಕಂಡಿತು. ಅದನ್ನು ನೋಡಿದ ಕೂಡಲೇ, ಕಾಣದ ಒಳಗಿನ ಭಾಗ ಇನ್ನೂ ಕೆಟ್ಟಿರುತ್ತದೆಂದು ನನಗೆ ತಿಳಿಯಿತು. ಮಗಳಿಗೆ ಹೇಳಲಿಲ್ಲ.

ಸೆಪ್ಟೆಂಬರಿನ ಒಂದು ಶನಿವಾರ ಉತ್ತರ ಜೆರ್ಸಿಯ ಗುಡ್ಡದ ಕಡೆ ಬಂದೂಕು ರಿಪೇರಿ ಮಾಡುವ ಮುದುಕನೊಬ್ಬನ ಬಳಿಗೆ ಹೋದೆವು. ಮನೆಯ ಹಿಂದಿನ ಶೆಡ್ಡೇ ಅವನ ಅಂಗಡಿ. ಸೀರೆ ಉಡದಿದ್ದರೂ ನನ್ನನ್ನು ನೋಡಿ ದಾರಿ ತಪ್ಪಿ ಬಂದವಳೆಂದು ಅವನು ತಿಳಿದಿರಬೇಕು. ಗಂಡನದು, ತೀರಿಕೊಂಡರು, ಮಗಳು ಬಳಸಬೇಕೆಂದಿದ್ದಾಳೆ ಎಂದೆ. ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟು, ರೈಫಲನ್ನು ಮಗುವನ್ನು ಇಸಿದುಕೊಳ್ಳುವ ಹಾಗೆ ಎರಡೂ ಕೈಯಲ್ಲಿ ಇಸಿದುಕೊಂಡ.

ಮೊದಲು ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದ. ಒಳಗೆ ಹೊಸದರಂತಿದೆ, ವರ್ಷಕ್ಕೆ ಹತ್ತು ಗುಂಡೂ ಹಾರಿಸಿರಲಿಕ್ಕಿಲ್ಲ ಎಂದ. ನನಗೆ ಆಶ್ಚರ್ಯವಾಯಿತು. ಅಷ್ಟು ವರ್ಷ ನನ್ನ ತಲೆಯಲ್ಲಿ ಆ ಗುಡ್ಡಗಳಲ್ಲಿ ದಿನವಿಡೀ ಢಂ ಢಂ ಸದ್ದು ನಡೆಯುತ್ತಿತ್ತು. ಅದರಲ್ಲಿ ವಿಶೇಷವೇನಿಲ್ಲ ಎಂದ ಮುದುಕ. ಬೇಟೆಯ ರೈಫಲ್‌ಗಳು ಗುಂಡು ಹಾರಿಸಿ ಸವೆಯುವುದು ಕಡಿಮೆಯಂತೆ. ಹೊತ್ತುಕೊಂಡು ತಿರುಗಿಯೇ ಸವೆಯುತ್ತವಂತೆ.

ಹಾಗೆ ಹೇಳಿ ಒಂದೊಂದೇ ಜಾಗ ತೋರಿಸಿದ. ನಳಿಗೆಯ ಬಾಯಿಯ ಅಂಚಿನಲ್ಲಿ ಕಪ್ಪು ಲೇಪ ಹೋಗಿ ಬೆಳ್ಳಗಾಗಿದ್ದದ್ದು ಟ್ರಕ್ಕಿನ ನೆಲಕ್ಕೆ ತಾಗಿ. ಹಿಡಿಯ ಮರದ ಕೆತ್ತನೆ ನುಣ್ಣಗಾಗಿದ್ದದ್ದು ಅಂಗೈ ಬೆವರಿಗೆ. ಹಿಂಭಾಗದ ಮರದ ತಗ್ಗು, ಕಲ್ಲಿನ ಗೋಡೆ ದಾಟುವಾಗ ಬಿದ್ದದ್ದಿರಬೇಕು. ಮಗಳು ಹೌದೆಂದು ತಲೆಯಾಡಿಸಿದಳು, ಅವಳು ಆ ದಿನ ಅಲ್ಲಿದ್ದಳು. ತೂಕ ಸಮನಾಗುವ ನಡುಭಾಗದಲ್ಲಿ, ಹೊತ್ತು ನಡೆಯುವಾಗ ಹಿಡಿಯುವ ಕಡೆ, ಉಕ್ಕಿನ ಕಪ್ಪು ಪೂರ್ತಿ ಹೋಗಿತ್ತು. ಅಲ್ಲಿ ಅಡ್ಡಕ್ಕೆ ಒಂದು ಸಣ್ಣ ಕಚ್ಚು. ಮುದುಕ ಅದರ ಮೇಲೆ ಉಗುರು ಆಡಿಸಿ, ಬಲಗೈಗೆ ಉಂಗುರ ಹಾಕುತ್ತಿದ್ದರೇ ಎಂದು ಕೇಳಿದ.

ಅವರ ಉಂಗುರ ನನ್ನ ಬೆರಳಲ್ಲೇ ಇತ್ತು. ನನಗೆ ದೊಡ್ಡದಾಗುತ್ತದೆಂದು ದಾರ ಸುತ್ತಿ ಹಾಕಿಕೊಂಡಿದ್ದೆ. ತೆಗೆದು ಆ ಕಚ್ಚಿನ ಮೇಲೆ ಇಟ್ಟೆ. ಸರಿಯಾಗಿ ಕೂತಿತು. ಮಗಳು ಮುಖ ತಿರುಗಿಸಿಕೊಂಡು ಬಾಗಿಲ ಕಡೆ ನೋಡುತ್ತ ನಿಂತಳು.

ಆಮೇಲೆ ಅವನು ಕೆಳಗಿನ ಎರಡು ತಿರುಪು ಬಿಚ್ಚಿ ಮರದಿಂದ ನಳಿಗೆಯನ್ನು ಎತ್ತಿದ. ನಾನು ಹೆದರಿದಷ್ಟು ತುಕ್ಕು ಇರಲಿಲ್ಲ. ಅಂಚಿನುದ್ದಕ್ಕೂ ಕಂದು ಪುಡಿ ಇತ್ತು, ಉಜ್ಜಿದರೆ ಹೋಗುವಂಥದ್ದು. ಹದಿನಾಲ್ಕು ಚಳಿಗಾಲದ ಉಪ್ಪಿಗೆ ಇಷ್ಟೇ ಎಂದರೆ ಅವರು ಎಷ್ಟು ಒರೆಸಿರಬೇಕು ಎಂದು ನನಗೆ ಅರ್ಥವಾಯಿತು. ಆದರೆ ಅಡಿಯಲ್ಲಿ, ಗುಂಡು ಕೂರುವ ಜಾಗದ ಹತ್ತಿರ, ಮರದೊಳಗೆ ಮುಚ್ಚಿಹೋಗುವ ಕಡೆ ಒಂದು ಗುಂಡಗಿನ ಕಲೆ ಇತ್ತು. ಹೆಬ್ಬೆರಳಿನಷ್ಟು ಅಗಲ, ಹೆಪ್ಪುಗಟ್ಟಿದಂತೆ ಪದರಪದರವಾಗಿತ್ತು. ಮುದುಕ ಹುಬ್ಬು ಗಂಟಿಕ್ಕಿದ. ಇಷ್ಟು ದುಂಡಗೆ ತುಕ್ಕು ಕಟ್ಟಿದ್ದನ್ನು ತಾನು ನೋಡಿಲ್ಲ ಎಂದ. ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಒರೆಸಿದ. ಹತ್ತಿ ಕಂದಾಗಲಿಲ್ಲ, ಕೆಂಪಾಯಿತು. ಅಂಚಿನಲ್ಲಿ ಸ್ವಲ್ಪ ಹಳದಿ.

ಅದು ತುಕ್ಕಲ್ಲ ಎಂದು ನಾನು ಹೇಳಿದೆ. ಅದು ಕುಂಕುಮ.

ಪ್ರತಿ ವರ್ಷ ಬೇಟೆಯ ಸೀಸನ್ ಶುರುವಾಗುವ ಮುಂಚೆ ಅವರು ರೈಫಲ್ ಬಿಚ್ಚುತ್ತಿದ್ದದ್ದು ದಸರೆಯ ಆಸುಪಾಸಿನಲ್ಲೇ. ನಾನು ಕಾರಿಗೆ ಪೂಜೆ ಮಾಡಿ ಒಳಗೆ ಹೋದ ಮೇಲೆ ಬಟ್ಟಲಿನಿಂದ ಒಂದು ಚಿಟಿಕೆ ತೆಗೆದು, ನೀರಲ್ಲಿ ಕಲಸಿ, ನನ್ನ ಕಣ್ಣಿಗೆ ಬೀಳದ ಜಾಗ ಹುಡುಕಿ ಇಟ್ಟಿದ್ದಾರೆ. ಮೇಲೆ ಮರ ಮುಚ್ಚಿ ತಿರುಪು ಬಿಗಿದಿದ್ದಾರೆ. ಮರುವರ್ಷ ಅದರ ಮೇಲೆ ಇನ್ನೊಂದು. ಬೇರೆಲ್ಲ ಕಡೆ ಅಷ್ಟು ಒರೆಸಿದ ಮನುಷ್ಯ ಅದೊಂದನ್ನು ಒರೆಸಲಿಲ್ಲ. ದೇವರಿಗೆಂದು ಇಟ್ಟದ್ದನ್ನು ತಾವೇ ಒರೆಸಬಹುದೆಂದು ಅವರಿಗೆ ಗೊತ್ತಿರಲಿಲ್ಲವೇನೋ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದಾಗಿತ್ತು.

ಒದ್ದೆ ಪುಡಿ ಮರಕ್ಕೂ ಉಕ್ಕಿಗೂ ನಡುವೆ ಸಿಕ್ಕಿಕೊಂಡರೆ ತೇವ ಹಿಡಿದಿಟ್ಟು ಒಂದೇ ಜಾಗವನ್ನು ಕೊರೆಯುತ್ತ ಹೋಗುತ್ತದೆ. ಇದನ್ನೂ ನಾನು ವರದಿಗಳಲ್ಲಿ ಬರೆದಿದ್ದೇನೆ. ಕುಂಕುಮದ ಕೆಳಗೆ ಉಕ್ಕು ಕುಳಿಬಿದ್ದಿತ್ತು. ಮುದುಕ ಅದರ ಮೇಲೆ ನಮ್ಮ ಲ್ಯಾಬಿನಲ್ಲಿ ಬಳಸುವಂಥದ್ದೇ ಬಿರುಕು ತೋರಿಸುವ ದ್ರವ ಬಿಟ್ಟ. ಸ್ವಲ್ಪ ಹೊತ್ತಿನಲ್ಲಿ ಕುಳಿಯ ಅಂಚಿನಿಂದ ಕೂದಲೆಳೆಯಂಥ ಗೆರೆಯೊಂದು ಎದ್ದು ಕಂಡಿತು. ಅವನು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಾಗಿತ್ತು. ಇದರಲ್ಲಿ ಇನ್ನು ಗುಂಡು ಹಾರಿಸುವುದು ಬೇಡ ಎಂದ. ನಳಿಗೆ ಬೇರೆ ಹಾಕಿಕೊಡಬಲ್ಲೆ ಎಂದೂ ಹೇಳಿದ. ಮಗಳು ಬೇಡವೆಂದಳು. ಅಪ್ಪ ಹೊತ್ತದ್ದು ಈ ನಳಿಗೆಯನ್ನು ತಾನೇ ಎಂದಳು.

ವಾಪಸು ಬರುವಾಗ ಕಾರಿನಲ್ಲಿ ಎಲ್ಲವನ್ನೂ ಹೇಳಿದೆ. ದೇವರ ಮನೆಯ ಕೆಳಗೆ ಬರುತ್ತದೆಂದು ಬೇಸ್‌ಮೆಂಟ್ ಬೇಡವೆಂದದ್ದು, ಆ ಕುಂಕುಮದ ಮಾತು, ಎಸೆದ ಪೊಟ್ಟಣಗಳು. ವರದಿ ಬರೆದು ಅಭ್ಯಾಸವಿರುವವಳು, ಕಾರಣವನ್ನು ಬಿಡಿಸಿ ಹೇಳಲು ನನಗೆ ಬರುತ್ತದೆ. ಮಗಳು ಹೈವೇ ನೋಡಿಕೊಂಡೇ ಡ್ರೈವ್ ಮಾಡುತ್ತಿದ್ದಳು. ಮೆಲ್ಲಗೆ, ಬೈಯುವ ದನಿಯಲ್ಲಲ್ಲ, "ಯೂ ಕುಡ್ ಹ್ಯಾವ್ ಜಸ್ಟ್ ಪುಟ್ ದ ಬೊಟ್ಟು, ಅಮ್ಮಾ" ಎಂದಳು.

ಜಿಂಕೆಗಳ ಮೇಲಿನ ಕರುಣೆಯಿಂದ ಇಡಲಿಲ್ಲ ಎಂದು ಹೇಳಬಹುದಿತ್ತು. ನಮ್ಮ ಹಿತ್ತಲಿಗೆ ಬಂದು ಮೆಂತ್ಯದ ಮಡಿ ಮೇಯುತ್ತಿದ್ದ ಜಿಂಕೆಗಳಿಗೆ ನಾನು ಹಾಕಿದ ಶಾಪ ಅವಳಿಗೂ ಗೊತ್ತು. ಕರುಣೆ ಸ್ವಲ್ಪ ಇತ್ತು, ಹಠ ಹೆಚ್ಚಿತ್ತು. ನಾನು ಬೇಡವೆಂದದ್ದನ್ನೆಲ್ಲ ಬಿಟ್ಟ ಮನುಷ್ಯ ಇದೊಂದನ್ನು ಬಿಡಲಿಲ್ಲವಲ್ಲ ಎಂಬ ಉರಿಯೂ ಇತ್ತು.

ಈ ವರ್ಷ ನಮಗೆ ಹಬ್ಬವಿಲ್ಲ. ಮೈಸೂರಿನಿಂದ ನಾದಿನಿ ಫೋನ್ ಮಾಡಿ, "ವರ್ಷ ತುಂಬೋವರೆಗೂ ಏನೂ ಮಾಡಬೇಡಿ ಅತ್ತಿಗೆ" ಎಂದು ಹೇಳಿದ್ದಳು. ಆಯುಧಪೂಜೆಯ ದಿನ ನಾನು ಕಾರಿಗೂ ಹಚ್ಚಲಿಲ್ಲ, ಮಿಕ್ಸಿಗೂ ಹಚ್ಚಲಿಲ್ಲ. ಮಧ್ಯಾಹ್ನ ಮಗಳು ಬಂದಳು. ಇಬ್ಬರೂ ಸೇರಿ ಕಪಾಟಿನಿಂದ ರೈಫಲ್ ತೆಗೆದು, ಹೊಸ್ತಿಲು ದಾಟಿಸಿ, ಹಾಲಿನ ಮೂಲಕ ಹೊತ್ತು ತಂದು ದೇವರ ಮನೆಯ ಮುಂದೆ ಒಂದು ಟವೆಲ್ ಹಾಸಿ ಮಲಗಿಸಿದೆವು. ಮನೆಗೆ ಏನೂ ಆಗಲಿಲ್ಲ. ನಾನು ಬಟ್ಟಲು ತಂದು, ಬೆರಳು ಒದ್ದೆ ಮಾಡಿಕೊಂಡು, ಮೇಲ್ಗಡೆ, ಎಲ್ಲರಿಗೂ ಕಾಣುವ ಕಡೆ, ಕಪ್ಪು ಹೋಗಿ ಬೆಳ್ಳಗಾಗಿದ್ದ ಆ ನಡುಭಾಗದಲ್ಲಿ ಒಂದು ಬೊಟ್ಟು ಇಟ್ಟೆ. ಆಗ ಮಗಳು ಅತ್ತಳು. ಅವಳಪ್ಪ ಹೋದ ಮೇಲೆ ಮೊದಲ ಸಲ ನನ್ನ ಹೆಗಲಿಗೆ ಮುಖ ಒತ್ತಿ ಅತ್ತಳು.

ಮರುದಿನ ಬೆಳಿಗ್ಗೆ ಎದ್ದು, ಕಾಫಿ ಕುಡಿಯುವ ಮುಂಚೆ, ಅವರ ಎಣ್ಣೆಬಟ್ಟೆ ತೆಗೆದುಕೊಂಡು ಆ ಬೊಟ್ಟನ್ನು ಒರೆಸಿದೆ. ಎರಡು ನಿಮಿಷವೂ ಹಿಡಿಯಲಿಲ್ಲ.